ಪ್ರಸ್ತಾರದಿಂದ ಪ್ರಸೂತಿಗೆ

ಸ್ಕ್ಯಾನಿಂಗ್

“ಸ್ಕ್ಯಾನಿಂಗ್ ಮಾಡ್ಸಿದ್ರಾ?” ಎಂದು ಬಸುರಿಯನ್ನು ಕೇಳಿದರೆ ಯಾವ ಸ್ಕ್ಯಾನ್ ಎಂದು ಬಿಡಿಸಿ ಹೇಳಬೇಕಿಲ್ಲ. ಸಿ.ಟಿ., ಎಂ.ಆರ್.ಐ.ಗಳೂ ಸ್ಕ್ಯಾನುಗಳೇ, ಆದರೂ ಬಿಡಿಯಾಗಿ ಬಂದಾಗ ಈ ಪದ ನಮ್ಮಲ್ಲಿ ಹೆಚ್ಚಾಗಿ ಅಲ್ಟ್ರಾಸೌಂಡಿಗೇ ಸಲ್ಲುತ್ತದೆ.

ಮೂಲ ಲ್ಯಾಟಿನ್ನಿನ ‘ಸ್ಕಾಂಡೆರೆ’, ಅಂದರೆ ಹತ್ತುವುದು. ನೆಗೆಯುವ ಅರ್ಥದ ಸಂಸ್ಕೃತ ಧಾತು ‘ಸ್ಕಂದ್’ ಇದರ ದಾಯಾದಿ. ಇಂಗ್ಲಿಷಿನಲ್ಲಿ ಮೊದಲು ಪದ್ಯದ ಲಯ ಅಳೆಯುವುದಕ್ಕೆ, ನಾವು ಪ್ರಸ್ತಾರ ಹಾಕುವುದು ಎನ್ನುತ್ತೇವಲ್ಲ ಅದಕ್ಕೆ, ಈ ಪದ ಬಳಕೆಯಾಯಿತು. ಆಮೇಲೆ ಕೂಲಂಕಷವಾಗಿ ನೋಡುವುದಾಯಿತು. ಈಚೆಗೆ, ತಮಾಷೆಯೆಂದರೆ, ಮೇಲೆಮೇಲೆ ಕಣ್ಣಾಡಿಸುವುದೂ ಆಗಿದೆ.

ಇನ್ನು ಅಲ್ಟ್ರಾಸೌಂಡಿನ ಮಾತು. ಗ್ಲಾಸ್ಗೋದ ವೈದ್ಯ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು ಹೊಟ್ಟೆಯ ಗಡ್ಡೆಗಳನ್ನು ಕಿವಿಗೆ ಕೇಳದ ಈ ಧ್ವನಿಯಿಂದ ಪತ್ತೆಹಚ್ಚಿದ್ದನ್ನು 1958ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. ಎಕ್ಸ್‌ರೇಯ ವಿಕಿರಣ ಇದರಲ್ಲಿಲ್ಲ. ಆದರೆ ಎಲುಬು, ಕರುಳಿನ ಗಾಳಿ ಧ್ವನಿಗೆ ಅಡ್ಡ. ಪ್ರೋಬ್ ಹಿಡಿದ ಕೈ ಪಳಗಿರದಿದ್ದರೆ ಇದ್ದದ್ದೂ ಕಾಣದು. ಹಾಗಾಗಿ ಆಸ್ಪತ್ರೆಗೆ ಆ ‘ಕೂಲಂಕಷ’ದ ಅರ್ಥವೇ ಲೇಸು. “ಸ್ಕ್ಯಾನಿಂಗಲ್ಲಿ ಏನಂತೆ?” ಎಂಬ ಪ್ರಶ್ನೆಯ ಒಂದು ಅರ್ಥ, ಗಂಡೋ ಹೆಣ್ಣೋ ಎಂಬುದು, ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯಿದೆಯ ಪ್ರಕಾರ ನಮ್ಮಲ್ಲಿ ನಿಷಿದ್ಧ.

ಅಲ್ಟ್ರಾಸೌಂಡಿಗೆ ‘ಶ್ರವಣಾತೀತ ಧ್ವನಿ’ ಎಂಬ ಪದವೂ ಇದೆ, ಪಠ್ಯಪುಸ್ತಕದಲ್ಲಿ. ಆಸ್ಪತ್ರೆಯಲ್ಲಿ ಅದನ್ನು ಆಡಿದವರನ್ನು ನಾನಂತೂ ಕಂಡಿಲ್ಲ.