ಮೂಕ ಪ್ರಾಣಿಯ ನೋವು ರಕ್ತದಲ್ಲಿ

ವೈದ್ಯರ ಎದುರು ಕುಳಿತಾಗ ಎಲ್ಲಿ ನೋಯುತ್ತದೆಂದು ನೀವು ಹೇಳುತ್ತೀರಿ. ನಮ್ಮ ಧಾರವಾಡಿ ಎಮ್ಮೆ ಹೇಗೆ ಹೇಳಬೇಕು? 2021ರಲ್ಲಿ ಪ್ರತ್ಯೇಕ ತಳಿಯೆಂದು ನೋಂದಣಿಯಾದ, ಪೇಢೆಗೆ ಹಾಲು ಕೊಡುವ ಈ ಎಮ್ಮೆ ಮೇವು ಬಿಟ್ಟು ನಿಂತರೆ ಗೌಳಿಗರ ಮನೆಯ ಒಲೆಯೂ ತಣ್ಣಗಾಗುತ್ತದೆ. ಅದರ ಒಳನೋವನ್ನು ರಕ್ತದಲ್ಲಿ ಓದುವ ವಿದ್ಯೆ ಬಂದದ್ದು ಹೇಗೆ?

ಜೀವಕೋಶಕ್ಕೆ ಪೆಟ್ಟಾದರೆ ಒಳಗಿನ ಕಿಣ್ವಗಳು ಸೋರಿ ರಕ್ತ ಸೇರುತ್ತವೆ. 1908ರಲ್ಲಿಯೇ ಜರ್ಮನಿಯ ವೋಲ್ಗೆಮುಟ್ ಮೂತ್ರದಲ್ಲಿನ ಡಯಾಸ್ಟೇಸ್ ಅಳೆದು ಮೇದೋಜೀರಕ ಗ್ರಂಥಿಯ ರೋಗ ಗುರುತಿಸುವ ದಾರಿ ತೋರಿದ್ದರು. ದೊಡ್ಡ ತಿರುವು ಬಂದದ್ದು 1954ರಲ್ಲಿ. ನ್ಯೂಯಾರ್ಕಿನ ಲಾಡ್ಯೂ, ವ್ರೊಬ್ಲೆವ್ಸ್ಕಿ ಮತ್ತು ಕಾರ್ಮೆನ್, ಹೃದಯಾಘಾತವಾದವರ ರಕ್ತದಲ್ಲಿ ಎಸ್‌ಜಿಓಟಿ ಎಂಬ ಕಿಣ್ವ 24 ಗಂಟೆಗಳೊಳಗೆ 2ರಿಂದ 20 ಪಟ್ಟು ಏರಿ, ಕೆಲವೇ ದಿನಗಳಲ್ಲಿ ಇಳಿಯುವುದನ್ನು ಪ್ರಕಟಿಸಿದರು. ಮರುವರ್ಷ ನಾಯಿಗಳ ಹೃದಯದ ರಕ್ತನಾಳಗಳನ್ನು ಕಟ್ಟಿ ನೋಡಿದಾಗ, ಸತ್ತ ಸ್ನಾಯು ಹೆಚ್ಚಿದಷ್ಟೂ ಕಿಣ್ವವೂ ಹೆಚ್ಚಾಗಿತ್ತು. ಮನುಷ್ಯನ ಪರೀಕ್ಷೆಗೆ ಸಾಕ್ಷಿಯಾದದ್ದು ನಾಯಿ. ಈ ಋಣವನ್ನು ಪಠ್ಯಪುಸ್ತಕಗಳು ನೆನೆಯುವುದು ಕಡಿಮೆ.

ಆ ವಿದ್ಯೆಯನ್ನು ಪ್ರಾಣಿಗಳ ಹಿತಕ್ಕೆ ತಿರುಗಿಸಿದವರಲ್ಲಿ ಅಮೆರಿಕದ ಪಶುವೈದ್ಯ ವಿಜ್ಞಾನಿ ಕಾರ್ನೀಲಿಯಸ್ ಪ್ರಮುಖರು. 1959ರಲ್ಲಿ ಅವರೂ ಸಂಗಡಿಗರೂ ಸಾಕುಪ್ರಾಣಿಗಳ ಅಂಗಾಂಗಗಳಲ್ಲಿ ಈ ಕಿಣ್ವಗಳನ್ನು ಅಳೆದರು. ನಾಯಿ, ಬೆಕ್ಕುಗಳ ಯಕೃತ್ತಿನಲ್ಲಿ ಎಸ್‌ಜಿಪಿಟಿ ತುಂಬಿರುತ್ತದೆ. ದನ, ಕುದುರೆಗಳಲ್ಲಿ ಬಹಳ ಕಡಿಮೆ. 1963ರಲ್ಲಿ ಅವರು ಕನೇಕೋ ಜೊತೆ ಸಂಪಾದಿಸಿದ ಸಾಕುಪ್ರಾಣಿಗಳ ಜೀವರಸಾಯನ ಗ್ರಂಥ ಮುಂದೆ ಪಶುವೈದ್ಯರ ಕೈಪಿಡಿಯೇ ಆಯಿತು.

ಹೀಗಾಗಿ ನಿಮ್ಮ ಯಕೃತ್ತಿನ ವರದಿಯ ಅಳತೆಗೋಲು ಎಮ್ಮೆಗೆ ನಡೆಯದು. ಅದಕ್ಕೆ ಜಿಜಿಟಿ, ಜಿಎಲ್‌ಡಿಎಚ್ ನೋಡಬೇಕು. 1809ರ ಸುಮಾರಿಗೆ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರಕ್ಕೆಂದು ಬಂದ ಲಂಟಾನ ಇಂದು ನಮ್ಮ ಕಾಡಂಚನ್ನೆಲ್ಲ ಮುತ್ತಿದೆ. ಮೇವಿಲ್ಲದಾಗ ಅದರ ಎಲೆ ತಿಂದ ದನಕರುಗಳಲ್ಲಿ ಪಿತ್ತದ ಹರಿವು ತಡೆಯುತ್ತದೆ, ಕಣ್ಣು ಹಳದಿಯಾಗುತ್ತದೆ, ಬಿಸಿಲಿಗೆ ಚರ್ಮ ಸುಲಿಯುತ್ತದೆ. ರಕ್ತದಲ್ಲಿ ಜಿಜಿಟಿ, ಎಸ್‌ಜಿಓಟಿ ಏರುತ್ತವೆ.

ಆದರೆ ಎಸ್‌ಜಿಓಟಿ ಒಂದನ್ನೇ ನಂಬುವಂತಿಲ್ಲ. ಅದು ಸ್ನಾಯುಗಳಲ್ಲಿಯೂ ಇದೆ. ಕರು ಹಾಕಿದ ಮೇಲೆ ಏಳಲಾರದೆ ಮಲಗಿದ ಎಮ್ಮೆಯಲ್ಲಿ, ಯಕೃತ್ತು ಸರಿಯಿದ್ದರೂ, ಅದು ಏರಿರುತ್ತದೆ. ಆಗ ಸ್ನಾಯುವಿನ ಕಿಣ್ವವಾದ ಸಿಕೆ ನೋಡುತ್ತಾರೆ. ಸಿಕೆ ಬೇಗ ಏರಿ ಬೇಗ ಇಳಿಯುತ್ತದೆ. ಎಸ್‌ಜಿಓಟಿ ದಿನಗಟ್ಟಲೆ ಉಳಿಯುತ್ತದೆ. ಸಿಕೆ ಇಳಿದು ಎಸ್‌ಜಿಓಟಿ ಮಾತ್ರ ಹೆಚ್ಚಿದ್ದರೆ ಸ್ನಾಯುವಿನ ಪೆಟ್ಟು ನಿಂತಿರಬಹುದು, ಇಲ್ಲವೇ ಯಕೃತ್ತನ್ನು ಶಂಕಿಸಬೇಕು.

ಇನ್ನೊಂದು ತೊಡಕು ನಮ್ಮ ರಸ್ತೆಗಳದು. ಕೆಂಪು ರಕ್ತಕಣಗಳಲ್ಲಿಯೂ ಎಸ್‌ಜಿಓಟಿ ಇದೆ. ಕಲಘಟಗಿಯ ಕಡೆಯಿಂದ ಬಸ್ಸಿನಲ್ಲಿ, ಬಿಸಿಲಲ್ಲಿ ಕುಲುಕುತ್ತ ಬಂದ ಶೀಶೆಯಲ್ಲಿ ಕಣಗಳು ಒಡೆದರೆ ಅಂಕಿ ಸುಳ್ಳಾಗುತ್ತದೆ. ಆದ್ದರಿಂದ ಸೀರಮ್ಮನ್ನು ಊರಿನ ಪಶು ಆಸ್ಪತ್ರೆಯಲ್ಲಿಯೇ ಬೇರ್ಪಡಿಸಿ, ತಂಪಾಗಿಟ್ಟು ಕಳಿಸಬೇಕು. ಕೈಗೆ ಬಂದ ಸೀರಮ್ ಕೆಂಪಾಗಿದ್ದರೆ ಹೊಸ ರಕ್ತ ತರಿಸಿಕೊಳ್ಳುವುದೇ ಸರಿ.