ನೆರೆಯವರ ಹಾಡಿಗೆ ಮನಸೋತ ಬಾರ್ಟೋಕ್

‘ರುಮೇನಿಯನ್ ಜಾನಪದ ಕುಣಿತಗಳು’ ಪಾಶ್ಚಾತ್ಯ ಸಂಗೀತಪ್ರಿಯರಿಗೆ ಚಿರಪರಿಚಿತ ಕೃತಿ. ಕೆಲವೇ ನಿಮಿಷಗಳಲ್ಲಿ ಮುಗಿದುಹೋಗುವ ಆರು ಪುಟ್ಟ ಕುಣಿತಗಳು. 1915ರಲ್ಲಿ ಇದನ್ನು ಪಿಯಾನೊಗೆ ಅಳವಡಿಸಿದವನು ಮಾತ್ರ ರುಮೇನಿಯದವನಲ್ಲ. ಹಂಗೇರಿಯ ಬೇಲಾ ಬಾರ್ಟೋಕ್ (1881–1945). ಟ್ರಾನ್ಸಿಲ್ವೇನಿಯಾ ಯಾರದೆಂಬ ವಿವಾದ ಆ ಎರಡು ಜನಾಂಗಗಳ ನಡುವೆ ಹೊಗೆಯಾಡುತ್ತಿದ್ದ ಕಾಲವದು.

ಬಾರ್ಟೋಕ್ ಹಳ್ಳಿಗಳ ಹಾದಿ ಹಿಡಿದದ್ದು ತನ್ನ ಜನರ ಹಳೆಯ ಹಾಡುಗಳನ್ನು ಅರಸಿಕೊಂಡು. ಆದರೆ ನೆರೆಯವರ ಹಾಡನ್ನು ಅರಿಯದೆ ತನ್ನವರದು ಯಾವುದೆಂದು ಹೇಳುವುದಾದರೂ ಹೇಗೆ? ಈ ಪ್ರಶ್ನೆ ಆತನನ್ನು 1909ರಲ್ಲಿ ಬಿಹೋರ್ ಸೀಮೆಯ ರುಮೇನಿಯನ್ ಹಳ್ಳಿಗಳಿಗೆ ಕರೆದೊಯ್ದಿತು. ಆತ ಅವರ ಭಾಷೆಯನ್ನೂ ಕಲಿತ. ಜೊತೆಗಿದ್ದುದು ಫೋನೊಗ್ರಾಫ್ ಯಂತ್ರ. ಅದರ ಮೇಣದ ಸಿಲಿಂಡರ್ ಒಂದರಲ್ಲಿ ಹಿಡಿಯುತ್ತಿದ್ದುದು ಕೆಲವು ನಿಮಿಷಗಳ ಹಾಡು ಮಾತ್ರ. ಹೀಗೆ ಸಂಗ್ರಹವಾದ ರುಮೇನಿಯನ್ ಮಟ್ಟುಗಳು 3,400ಕ್ಕೂ ಹೆಚ್ಚು!

ಎಲ್ಲಕ್ಕಿಂತ ಬೆರಗು ಹುಟ್ಟಿಸಿದ್ದು 1913ರಲ್ಲಿ ಮರಮುರೇಶ್‌ನಲ್ಲಿ ದೊರೆತ ‘ಹೋರಾ ಲುಂಗಾ’, ಅಂದರೆ ದೀರ್ಘಗೀತೆ. ತಾಳದ ಕಟ್ಟಿಲ್ಲ. ಹಾಡುವವರು ಒಂದೇ ಮಟ್ಟನ್ನು ಎಳೆದು, ಬಳುಕಿಸಿ, ಪ್ರತಿ ಸಲವೂ ಬೇರೆಯಾಗಿಸುತ್ತಾರೆ. ಆಲಾಪ ಕೇಳಿ ಬಲ್ಲವರಿಗೆ ಇದು ತೀರ ಅಪರಿಚಿತ ಎನಿಸಲಾರದು. ಇದರ ನಂಟನ್ನು ಬಾರ್ಟೋಕ್ ಮುಂದೆ ಉಕ್ರೇನ್, ಪರ್ಷಿಯಾ, ಅರಬ್ ನಾಡುಗಳವರೆಗೂ ಗುರುತಿಸಿದ. ಒಂದು ಜನಾಂಗದ ‘ಶುದ್ಧ’ ಹಾಡೆಂಬ ಕಲ್ಪನೆಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇಕೆ?

ಅಷ್ಟರಲ್ಲಿ ಯುದ್ಧ ಬಂತು. 1918ರಲ್ಲಿ ಟ್ರಾನ್ಸಿಲ್ವೇನಿಯಾ ರುಮೇನಿಯಾದ ಪಾಲಾಯಿತು. 1920ರ ಟ್ರಿಯನಾನ್ ಒಪ್ಪಂದ ಅದಕ್ಕೆ ಮುದ್ರೆಯೊತ್ತಿತು. ಬಾರ್ಟೋಕ್ ಹುಟ್ಟಿದ ಊರೂ ಗಡಿಯಾಚೆ ಸೇರಿತು. ‘ಹಂಗೇರಿಯ ರುಮೇನಿಯನ್ ಜಾನಪದ ಕುಣಿತಗಳು’ ಎಂದಿದ್ದ ಕೃತಿಯ ಹೆಸರಿನಿಂದ ‘ಹಂಗೇರಿಯ’ ಎಂಬ ಪದ ಬಿದ್ದುಹೋಯಿತು.

ಅದೇ 1920ರಲ್ಲಿ ಹುನೆದೋರಾ ಸೀಮೆಯ ರುಮೇನಿಯನ್ ಸಂಗೀತ ಕುರಿತ ಆತನ ಲೇಖನ ಜರ್ಮನ್ ಭಾಷೆಯಲ್ಲಿ ಪ್ರಕಟವಾದಾಗ ಬುಡಾಪೆಸ್ಟ್ ಪತ್ರಿಕೆಗಳಲ್ಲಿ ಕೂಗೆದ್ದಿತು: ಇದು ದೇಶದ್ರೋಹ! ಲೇಖನ ಹಂಗೇರಿಯನ್ ಭಾಷೆಯಲ್ಲಿ ಮೊದಲು ಅಚ್ಚಾದದ್ದು 1914ರಲ್ಲಿ ಎಂದು ಬಾರ್ಟೋಕ್ ಉತ್ತರಿಸಬೇಕಾಯಿತು. ಅತ್ತ ರುಮೇನಿಯಾದಲ್ಲಾದರೂ ಮನ್ನಣೆಯಷ್ಟೇ ಸಿಕ್ಕಿತೇ? ಅದೂ ಇಲ್ಲ. ರುಮೇನಿಯನ್ ಹಾಡುಗಳ ಮೇಲೆ ಹಂಗೇರಿಯ ಪ್ರಭಾವವನ್ನು ಆತ ಉತ್ಪ್ರೇಕ್ಷಿಸಿದ್ದಾನೆಂದು 1936ರಲ್ಲಿ ಅಲ್ಲಿನ ವಿದ್ವಾಂಸ ಕೊರಿಯೊಲಾನ್ ಪೆಟ್ರಾನು ಹರಿಹಾಯ್ದ. ಎರಡೂ ಕಡೆಯವರಿಗೆ ಬೇಕಿದ್ದುದು ಹಾಡಲ್ಲ, ಹಕ್ಕುಪತ್ರ.

ಬಾರ್ಟೋಕ್ ಮಾತ್ರ ಕೆಲಸ ನಿಲ್ಲಿಸಲಿಲ್ಲ. ಚಳಿಗಾಲದ ಹಬ್ಬದ ಹಾಡುಗಳಾದ ‘ಕೊಲಿಂಡಾ’ಗಳ ಸಂಗ್ರಹವನ್ನು 1935ರಲ್ಲಿ ಸ್ವಂತ ಖರ್ಚಿನಿಂದಲೇ ಅಚ್ಚು ಹಾಕಿಸಿದ. 1940ರಲ್ಲಿ ಅಮೆರಿಕಕ್ಕೆ ವಲಸೆ ಹೋದ ಮೇಲೂ ಕಾಯಿಲೆ, ಹಣದ ಮುಗ್ಗಟ್ಟುಗಳ ನಡುವೆ ಆ ಮಟ್ಟುಗಳನ್ನು ತಿದ್ದುತ್ತ, ವಿಂಗಡಿಸುತ್ತ ಕುಳಿತ. ಆ ಹಸ್ತಪ್ರತಿ ಐದು ಸಂಪುಟಗಳಾಗಿ ಹೊರಬಂದದ್ದು 1967ರಿಂದ 1975ರ ನಡುವೆ, ಹೇಗ್ ನಗರದಲ್ಲಿ. ಅಷ್ಟರಲ್ಲಿ ಬಾರ್ಟೋಕ್ ತೀರಿಕೊಂಡು ಎರಡು ದಶಕಗಳೇ ಕಳೆದಿದ್ದವು.