‘ನೃಪತುಂಗದೇವಾನುಮತ’: ಒಂದು ನಾಯಕತ್ವದ ಬಗೆ

ರಾಷ್ಟ್ರಕೂಟ ಅರಸ ಅಮೋಘವರ್ಷ ನೃಪತುಂಗನು ಕ್ರಿ.ಶ. 814ರಲ್ಲಿ ಪಟ್ಟವೇರಿದಾಗ ಇನ್ನೂ ಬಾಲಕ. ದಂಗೆಗಳಲ್ಲಿ ಕೈತಪ್ಪಿದ ಅಧಿಕಾರವನ್ನು ಗುಜರಾತ್ ಶಾಖೆಯ ಕರ್ಕನು ಉಳಿಸಿಕೊಟ್ಟನು. ಹೀಗೆ ಪರರ ಆಸರೆಯ ಬೆಲೆಯನ್ನು ಎಳವೆಯಲ್ಲೇ ಕಂಡ ಅರಸನು ವಿದ್ವಾಂಸರನ್ನು ನಡೆಸಿಕೊಂಡ ಬಗೆಗೆ ‘ಕವಿರಾಜಮಾರ್ಗ’ದ ‘ನೃಪತುಂಗದೇವಾನುಮತ’ ಎಂಬ ಪದ ಕನ್ನಡಿ. ಕೃತಿಕಾರನು ನೃಪತುಂಗನೋ ಶ್ರೀವಿಜಯನೋ ಎಂಬ ವಾದಕ್ಕೆ ಆ ಪದ ಒದಗಿದಷ್ಟು ಅದರ ಆಡಳಿತದ ಅರ್ಥ ಚರ್ಚೆಗೆ ಬಂದಿಲ್ಲ. ಶ್ರೀವಿಜಯನೇ ಕರ್ತೃವೆಂದು ಒಪ್ಪಿದರೆ, ಅರಸನು ವಿಚಾರಕ್ಕೆ ಸಮ್ಮತಿಯಿತ್ತು ಬರವಣಿಗೆಯನ್ನು ಬಲ್ಲವನಿಗೆ ಬಿಟ್ಟನೆಂದಾಯಿತು.

ವಿದ್ವಾಂಸರೊಳಗಿನ ನಡವಳಿಕೆ ಇನ್ನೂ ಸ್ವಾರಸ್ಯಕರ. ವೀರಸೇನರು ‘ಜಯಧವಲಾ’ ಟೀಕೆಯನ್ನು 20,000 ಶ್ಲೋಕಪ್ರಮಾಣದಷ್ಟು ಬರೆದು ತೀರಿಕೊಂಡರು. ಶಿಷ್ಯ ಜಿನಸೇನರು ಮತ್ತೆ 40,000 ಸೇರಿಸಿ ಶಕ 759ರಲ್ಲಿ, ಎಂದರೆ ಕ್ರಿ.ಶ. 837ರಲ್ಲಿ, ಮುಗಿಸಿದರು. ಇದೇ ಜಿನಸೇನರ ‘ಆದಿಪುರಾಣ’ 42 ಪರ್ವಗಳನ್ನು ದಾಟಿ, 43ನೆಯದರ 3 ಶ್ಲೋಕಗಳಿಗೆ ನಿಂತಿತು. ಉಳಿದುದನ್ನು ಗುಣಭದ್ರರು ಪೂರೈಸಿ ‘ಉತ್ತರಪುರಾಣ’ವನ್ನು ರಚಿಸಿದರು. ಗುರುವಿನ ಮಾತು ಎಲ್ಲಿ ನಿಂತಿತೆಂಬುದು ಸಾವಿರ ವರ್ಷಗಳ ಬಳಿಕವೂ ತಿಳಿಯುತ್ತದೆ. ಇಂದಿನ ಎಷ್ಟೋ ಸಂಪಾದಿತ ಗ್ರಂಥಗಳಲ್ಲಿ ಈ ನಿಖರತೆ ಕಾಣದು. ಅಮೋಘವರ್ಷನು ಜಿನಸೇನರ ಪಾದಗಳಿಗೆರಗಿ ತಾನು ಪವಿತ್ರನಾದೆನೆಂದು ಭಾವಿಸುತ್ತಿದ್ದನೆಂದು ಬರೆದವರೂ ಗುಣಭದ್ರರೇ. ಮೇಲಿರುವವನೇ ಬಾಗಿದಲ್ಲಿ ಕೆಳಗಿನವರು ಒಬ್ಬರ ದುಡಿಮೆಯನ್ನೊಬ್ಬರು ಮರೆಮಾಚಬೇಕಾದ ಪ್ರಮೇಯ ಬರಲಿಲ್ಲವೆಂದು ತೋರುತ್ತದೆ.

ಅರಸನು ಅಳಿದ ಮೇಲೂ ಈ ಪದ್ಧತಿ ಮುರಿಯಲಿಲ್ಲ. ಶಕ 820ರಲ್ಲಿ ಬಂಕಾಪುರದಲ್ಲಿ ಆ ಪುರಾಣಕ್ಕೆ ಪೂಜೆ ಸಂದುದನ್ನು ಗುಣಭದ್ರರ ಶಿಷ್ಯ ಲೋಕಸೇನರು ಪ್ರಶಸ್ತಿಯಲ್ಲಿ ದಾಖಲಿಸಿದರು. ಆಗ ಆಳುತ್ತಿದ್ದವನು ಅಮೋಘವರ್ಷನ ಮಗ ಎರಡನೆಯ ಕೃಷ್ಣ.